ಗಣಿಯ ಕ್ಯಾನರಿ, ಮನೆಯ ಅಂಗೀಠಿ

ದೆಹಲಿಗೆ ವರ್ಗವಾಗಿ ಬಂದ ಮೊದಲ ವರ್ಷ ಜನವರಿಯ ಚಳಿ ನಮಗೂ ಹೊಸದು, ನಮ್ಮ ಪಂಜರದ ಬಡ್ಜಿರಿಗಾರ್ ಜೋಡಿಗೂ ಹೊಸದು. (ಅಂಗಡಿಯವರೂ ಮಕ್ಕಳೂ ಇವನ್ನು ಲವ್ ಬರ್ಡ್ಸ್ ಎಂದೇ ಕರೆಯುತ್ತಾರೆ.) ಒಂದು ರಾತ್ರಿ ಕ್ವಾರ್ಟರ್ಸಿನ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಹಚ್ಚಿ, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಹಕ್ಕಿಗಳಿಗೂ ಕಾವು ತಗುಲಲೆಂದು ಪಂಜರವನ್ನು ಅದರ ಪಕ್ಕಕ್ಕೇ ಇಟ್ಟೆವು. ಸ್ವಲ್ಪ ಹೊತ್ತಿನಲ್ಲೇ ಒಂದು ಹಕ್ಕಿ ಕೋಲಿನಿಂದ ಜಾರಿ ತಳಕ್ಕೆ ಬಿತ್ತು. ನಮಗೂ ತಲೆ ಭಾರ. ಚಳಿ ತಡೆಯಲಿಲ್ಲವೆಂದು ತಿಳಿದು ಇನ್ನಷ್ಟು ಇದ್ದಿಲು ಹಾಕುವುದರಲ್ಲಿದ್ದೆವು. ಅಷ್ಟರಲ್ಲಿ ಏನೋ ಕೇಳಲು ಬಂದ ಪಕ್ಕದ ಮನೆಯ ಹಿರಿಯರು ಗದರಿಸಿ, ಕಿಟಕಿಗಳನ್ನೆಲ್ಲ ತೆರೆಸಿದರು. ಮಕ್ಕಳು ಒಳಗೆ ಮಲಗಿದ್ದರು.

ಬಿ.ಎಸ್‌ಸಿ. ಓದಿದ ನಮಗೆ ಅದು ಹೊಳೆಯದೆ ಹೋದದ್ದು ನಾಚಿಕೆಯ ಸಂಗತಿ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಾರರು ಇದೇ ಪಾಠವನ್ನು ನೂರು ವರ್ಷಕ್ಕೂ ಹಿಂದೆಯೇ ಕಲಿತಿದ್ದರು.

ಅಲ್ಲಿ ಸ್ಫೋಟವಾದಾಗ ಸತ್ತವರಲ್ಲಿ ಹೆಚ್ಚಿನವರು ಬೆಂಕಿಯಿಂದಲ್ಲ, ಅನಂತರ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡಿನಿಂದ ಸತ್ತರೆಂದು ಜಾನ್ ಸ್ಕಾಟ್ ಹಾಲ್ಡೇನ್ 1896ರ ವರದಿಯಲ್ಲಿ ತೋರಿಸಿಕೊಟ್ಟರು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಲ್ಡೇನ್ ಅದನ್ನು ತಾವೇ ಉಸಿರಾಡಿ ನೋಡಿದವರು. ಮನುಷ್ಯನಿಗಿಂತ ಬಹಳ ಮೊದಲೇ ಕುಸಿಯುವ ಸಣ್ಣ ಪ್ರಾಣಿಯನ್ನು ಜೊತೆಗೊಯ್ಯಿರಿ ಎಂಬುದು ಅವರ ಸಲಹೆ. ಇಲಿಗಿಂತ ಕ್ಯಾನರಿಯೇ ಮೇಲೆನಿಸಿತು. ಅದು ತೂರಾಡುವುದು, ಕೋಲಿನಿಂದ ಬೀಳುವುದು ಕತ್ತಲಲ್ಲೂ ದೀಪದ ಬೆಳಕಿಗೆ ಕಾಣುತ್ತದೆ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳು ಸೇರಿಕೊಂಡಿರುವುದರಿಂದ ಉಸಿರು ಬಿಡುವಾಗಲೂ ಅದಕ್ಕೆ ಹೊಸ ಗಾಳಿ ಸಿಗುತ್ತದೆ. ಗಾಳಿ ಕೆಟ್ಟಿದ್ದರೆ ವಿಷವೂ ಹಾಗೆಯೇ ಬೇಗ ಏರುತ್ತದೆ.

ಗಣಿಗಾರರು ಹಕ್ಕಿಯನ್ನು ಬರಿಯ ಉಪಕರಣವೆಂದು ಎಣಿಸಲಿಲ್ಲ. ಕೆಲವು ಪಂಜರಗಳ ಮೇಲೆ ಪುಟ್ಟ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು. ಹಕ್ಕಿ ಬಿದ್ದೊಡನೆ ಬಾಗಿಲು ಮುಚ್ಚಿ, ಕೊಳವೆ ತಿರುಗಿಸಿ ಅದನ್ನು ಚೇತರಿಸಿಕೊಳ್ಳುವಂತೆ ಮಾಡುತ್ತಿದ್ದರು. ಅಂಥ ಒಂದು ಪಂಜರ ಇಂದಿಗೂ ಮ್ಯಾಂಚೆಸ್ಟರಿನ ವಸ್ತುಸಂಗ್ರಹಾಲಯದ ಸ್ವತ್ತು. ವಿದ್ಯುನ್ಮಾನ ಸಾಧನಗಳು ಬಂದಮೇಲೆ, 1986ರಲ್ಲಿ, ಬ್ರಿಟಿಷ್ ಗಣಿಗಳ ಕ್ಯಾನರಿಗಳಿಗೆ ನಿವೃತ್ತಿ ಸಾರಲಾಯಿತು. ಪಿಂಚಣಿಯ ಮಾತು ನಮಗೆ ತಿಳಿಯದು! ಅಂದ ಹಾಗೆ, ಈ ಹಾಲ್ಡೇನರ ಮಗನೇ 1957ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಪ್ರಜೆಯಾದ ಜೆ.ಬಿ.ಎಸ್. ಹಾಲ್ಡೇನ್.

ಹಕ್ಕಿಗೆ ಚಳಿಯೇ ಆಗದೆಂದಲ್ಲ. ಅದರ ಮೈಕಾವು ಸುಮಾರು 41 ಡಿಗ್ರಿ. ಅಷ್ಟನ್ನು ಉಳಿಸಿಕೊಳ್ಳಲು ಗರಿಗಳನ್ನು ಉಬ್ಬಿಸಿ ನಡುವೆ ಗಾಳಿಯನ್ನು ಹಿಡಿದಿಡುತ್ತದೆ, ಹೆಚ್ಚು ಕಾಳು ತಿನ್ನುತ್ತದೆ. ಸಂಜೆ ನವಣೆ ತಟ್ಟೆ ತುಂಬಿರಬೇಕು. ಪಂಜರದ ಮೂರು ಕಡೆ ಹಳೆಯ ಕಂಬಳಿ ಹೊದಿಸಿ ಮುಂಭಾಗ ತೆರೆದಿಟ್ಟರೆ ಸಾಕು. ಕಿಟಕಿಯ ಸಂದಿನಿಂದ ನುಗ್ಗುವ ಗಾಳಿಯ ದಾರಿಯಲ್ಲಂತೂ ಪಂಜರ ಬೇಡ. ಇದ್ದಿಲಿನ ಬೆಂಕಿ ಮುಚ್ಚಿದ ಕೋಣೆಯಲ್ಲಿ ಹಕ್ಕಿಗೂ ಬೇಡ, ಮಕ್ಕಳಿಗೂ ಬೇಡ.

ಅಂದು ಬಿದ್ದ ಹಕ್ಕಿ ಏಳಲಿಲ್ಲ. ಉಳಿದದ್ದು ಇನ್ನೂ ಮೂರು ಚಳಿಗಾಲ ನಮ್ಮೊಡನಿತ್ತು. ಅಂಗೀಠಿಯಲ್ಲಿ ನಮ್ಮ ಮನೆಯವರು ತುಳಸಿ ನೆಟ್ಟಿದ್ದಾರೆ.