ಹುಲ್ಲುಗಾವಲಿನ ಗಂಧಕ ಗೊಬ್ಬರಗಳು

ನ್ಯೂಜಿಲೆಂಡಿನ ಹುಲ್ಲುಗಾವಲುಗಳಿಗೆ ಗಂಧಕವನ್ನು ಸಲ್ಫೇಟ್ ಅಥವಾ ಧಾತುರೂಪದಲ್ಲಿ ನೀಡಲಾಗುತ್ತದೆ. ಕೊರತೆಯಾದಲ್ಲಿ ಕ್ಲೋವರ್ ಸೊರಗಿ, ಅದರ ಬೇರುಗಂಟುಗಳಲ್ಲಿ ನಡೆಯುವ ಸಾರಜನಕ ಸ್ಥಿರೀಕರಣವೂ ಕುಗ್ಗುತ್ತದೆ.

ಬೇರುಗಳು ಹೀರುವುದು ಸಲ್ಫೇಟನ್ನು. ಸುಮಾರು ಶೇ. 11ರಷ್ಟು ಗಂಧಕವುಳ್ಳ ಸಿಂಗಲ್ ಸೂಪರ್ ಫಾಸ್ಫೇಟ್, ಶೇ. 24ರಷ್ಟುಳ್ಳ ಅಮೋನಿಯಂ ಸಲ್ಫೇಟ್ ಹಾಗೂ ಜಿಪ್ಸಮ್‌ಗಳಲ್ಲಿ ಅದು ಸಿದ್ಧವಾಗಿಯೇ ಇರುವುದರಿಂದ ಪರಿಣಾಮ ಶೀಘ್ರ. ಆದರೆ ಅದನ್ನು ಹಿಡಿದಿಡಲಾರದ ಮಣ್ಣುಗಳಲ್ಲಿ ಚಳಿಗಾಲದ ಮಳೆಗೆ ಬಸಿದುಹೋಗುತ್ತದೆ.

ಧಾತುರೂಪದ ಗಂಧಕವು ನೀರಿನಲ್ಲಿ ಕರಗದು. ಥಯೋಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ಉತ್ಕರ್ಷಿಸಿ ಸಲ್ಫೇಟಾಗಿ ಮಾರ್ಪಡಿಸಬೇಕು. ಕಣ ಚಿಕ್ಕದಾದಷ್ಟೂ, ಮಣ್ಣು ಬೆಚ್ಚಗಿದ್ದಷ್ಟೂ ಈ ಕ್ರಿಯೆ ವೇಗ. ಹೀಗಾಗಿ ಚೀಲದ ಮೇಲಿನ ಶೇಕಡಾವಾರು ಪ್ರಮಾಣವೊಂದನ್ನೇ ನೋಡಿ ಇವೆರಡನ್ನು ಹೋಲಿಸುವುದು ತಪ್ಪುದಾರಿಗೆಳೆಯುತ್ತದೆ. ನುಣ್ಣನೆಯ ಗಂಧಕದ ಧೂಳು ಸ್ಫೋಟಕವಾದ್ದರಿಂದ ಅದನ್ನು ಬೆಂಟೊನೈಟ್ ಜೇಡಿಯೊಂದಿಗೆ ಹರಳುಗಟ್ಟಿಸುವುದೂ ಉಂಟು. ತಂಪು ಪ್ರದೇಶಗಳಲ್ಲಿ ವಸಂತದಲ್ಲಿ ಕಂಡ ಕೊರತೆಗೆ ಸಲ್ಫೇಟೇ ತಕ್ಕದ್ದು; ಧಾತುರೂಪವನ್ನು ತಿಂಗಳುಗಳ ಮೊದಲೇ ಎರಚಿರಬೇಕು.