ಬೀಳದಂತೆ, ಬಿದ್ದರೂ ಏಳುವಂತೆ

‘ಬಚ್ಚಲಲ್ಲಿ ಜಾರಿ ಬಿದ್ದರು, ಆಮೇಲೆ ಏಳಲೇ ಇಲ್ಲ.’ ಸಾವಿನ ಮನೆಗೆ ಹೋದಾಗ ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ವಯಸ್ಸಾದ ಮೇಲೆ ಬೀಳುವುದು ಹಣೆಬರಹ, ಬಿದ್ದ ಮೇಲೆ ಹಾಸಿಗೆ ಹಿಡಿಯುವುದು ಸಹಜ ಎಂದು ಹೇಳುವವರೂ ಕೇಳುವವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫಿಸಿಯೋಥೆರಪಿಸ್ಟ್ ಆಗಿ ದುಡಿದ ನನಗೆ ಆ ಮಾತು ಈಗಲೂ ಚುಚ್ಚುತ್ತದೆ. ಬೀಳುವುದನ್ನು ಕಡಿಮೆ ಮಾಡುವ ವಿದ್ಯೆಯೊಂದು ಇದೆ. ಅದಕ್ಕೆ ಅರವತ್ತು ವರ್ಷಗಳ ಇತಿಹಾಸವಿದೆ, ನೂರಕ್ಕೂ ಮಿಕ್ಕಿದ ಪ್ರಯೋಗಗಳ ಆಧಾರವಿದೆ. ಆದರೂ ಇತ್ತೀಚೆಗೆ ನಾನು ಕೂತಿದ್ದ ಒಂದು ವಿಚಾರ ಸಂಕಿರಣದಲ್ಲಿ ಇಡೀ ಬೆಳಗಿನ ಹೊತ್ತು, ಅಪ್ಪ ಅಮ್ಮ ಬಿದ್ದ ಕೂಡಲೇ ಮಕ್ಕಳ ಮೊಬೈಲಿಗೆ ಸುದ್ದಿ ಮುಟ್ಟಿಸುವ ವಾಚುಗಳ ವಿಷಯಕ್ಕೇ ಮೀಸಲಾಯಿತು. ಮಧ್ಯಾಹ್ನ ಮಾತಾಡಿದ ಒಬ್ಬರು, ವ್ಯಾಯಾಮದಿಂದ ಏನೂ ಪ್ರಯೋಜನವಿಲ್ಲವೆಂದು ದೊಡ್ಡ ಅಧ್ಯಯನಗಳಲ್ಲೇ ಗೊತ್ತಾಗಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಆ ವಾಕ್ಯಕ್ಕೆ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಇತಿಹಾಸದ ಮೊದಲ ಹಂತವನ್ನು ಬೇಗ ದಾಟಬಹುದು. 1935ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರೆನ್, ವರ್ಷಗಟ್ಟಲೆ ಹಾಸಿಗೆಯಲ್ಲೇ ಉಳಿದಿದ್ದ ನೂರಾರು ವೃದ್ಧರ ಹೊಣೆ ಹೊತ್ತರು. ಅವರಲ್ಲಿ ಎಷ್ಟೋ ಜನರನ್ನು ಎಬ್ಬಿಸಿ ನಡೆಸಿದರು. ವೃದ್ಧಾಪ್ಯ ವೈದ್ಯಕ್ಕೆ ಅಲ್ಲಿಂದ ಮನ್ನಣೆ ಬಂತು. 1960ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ವೈದ್ಯ ಜೋಸೆಫ್ ಶೆಲ್ಡನ್ 202 ಮಂದಿಯ 500 ಬೀಳುವಿಕೆಗಳನ್ನು ಒಂದೊಂದಾಗಿ ವಿಚಾರಿಸಿ ಬರೆದಿಟ್ಟರು. ಎಲ್ಲಿ ಬಿದ್ದಿರಿ, ಆಗ ಏನು ಮಾಡುತ್ತಿದ್ದಿರಿ, ಎಡವಿದಿರೋ ತಲೆ ಸುತ್ತಿತೋ ಎಂದು ಆತ ಕೇಳಿದ್ದೇ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಹಾಗೆ ಕೂತು ಕೇಳಿದವರು ಕಡಿಮೆ.

ನಮ್ಮ ಕಾಲ ನಿಜವಾಗಿ ತೊಡಗಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಅವರಿಂದ. 75 ದಾಟಿದ 336 ಜನರನ್ನು ಒಂದು ವರ್ಷ ಹಿಂಬಾಲಿಸಿ 1988ರಲ್ಲಿ ಅವರು ವರದಿ ಕೊಟ್ಟರು. ಮೂವರಲ್ಲಿ ಒಬ್ಬರು ಬಿದ್ದಿದ್ದರು. ಅದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿತ್ತು. ನಿದ್ದೆ ಮಾತ್ರೆ, ಕಾಲಿನ ದೌರ್ಬಲ್ಯ, ತಪ್ಪುವ ಸಮತೋಲನ, ಪಾದದ ತೊಂದರೆ ಇಂಥ ಕಾರಣಗಳಲ್ಲಿ ಒಂದೂ ಇಲ್ಲದವರು ಬೀಳುವ ಸಂಭವ ನೂರಕ್ಕೆ 8. ನಾಲ್ಕು ಅಥವಾ ಹೆಚ್ಚು ಕಾರಣಗಳು ಕೂಡಿದರೆ ನೂರಕ್ಕೆ 78. ಬೀಳುವುದು ಹಣೆಬರಹವಲ್ಲ, ಕೂಡುತ್ತಾ ಹೋಗುವ ಮೊತ್ತ. ಮೊತ್ತ ಅಂದ ಮೇಲೆ ಕಳೆಯಲೂ ಬರುತ್ತದೆ. 1994ರಲ್ಲಿ ಅದೇ ತಂಡ ಮಾತ್ರೆ ಸರಿಪಡಿಸಿ, ವ್ಯಾಯಾಮ ಕಲಿಸಿ ನೋಡಿತು. ಮಾಮೂಲಿ ಆರೈಕೆ ಪಡೆದವರಲ್ಲಿ ನೂರಕ್ಕೆ 47 ಮಂದಿ ಬಿದ್ದ ಅವಧಿಯಲ್ಲಿ ಇವರಲ್ಲಿ 35 ಮಂದಿ ಬಿದ್ದರು.

ಅದೇ ವರ್ಷಗಳಲ್ಲಿ ಅಳತೆಗೋಲುಗಳೂ ಹುಟ್ಟಿದವು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದನ್ನು ಸೆಕೆಂಡುಗಳಲ್ಲಿ ಅಳೆಯುವ ಪರೀಕ್ಷೆ 1991ರಲ್ಲಿ ಬಂತು. ಕೆನಡಾದ ಫಿಸಿಯೋಥೆರಪಿಸ್ಟ್ ಕ್ಯಾಥರೀನ್ ಬರ್ಗ್ ಹದಿನಾಲ್ಕು ಕೆಲಸಗಳಿಗೆ 56 ಅಂಕ ಇಟ್ಟು ಸಮತೋಲನ ಅಳೆಯುವುದನ್ನು ಕಲಿಸಿದರು. ನನಗೆ ಬಹಳ ಪ್ರಿಯವಾದದ್ದು 1997ರಲ್ಲಿ ಸ್ವೀಡನ್ನಿನ ಉಮಿಯಾದಿಂದ ಬಂದ ಪುಟ್ಟ ವರದಿ. ನಡೆಯುತ್ತಿರುವಾಗ ಮಾತಾಡಿಸಿದರೆ ನಿಂತುಬಿಡುವ ವೃದ್ಧರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಅದರ ಸಾರ. ಇದಕ್ಕೆ ಯಂತ್ರ ಬೇಡ, ಕೋಣೆಯೂ ಬೇಡ. ಅಂದಿನಿಂದ ಇಂದಿನವರೆಗೂ ಕಾರಿಡಾರಿನಲ್ಲಿ ಜೊತೆಗೆ ಹೆಜ್ಜೆ ಹಾಕುತ್ತಾ ‘ತಿಂಡಿ ಏನು ಆಯ್ತು ಇವತ್ತು?’ ಎಂದು ಕೇಳುತ್ತೇನೆ. ಕೆಲವರು ನಡೆಯುತ್ತಲೇ ಉತ್ತರಿಸುತ್ತಾರೆ. ಕೆಲವರು ನಿಂತು, ಗೋಡೆ ಮುಟ್ಟಿ, ಆಮೇಲೆ ‘ಉಪ್ಪಿಟ್ಟು’ ಎನ್ನುತ್ತಾರೆ. ಅವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತೇನೆ.

ನಾವು ಓದುವಾಗ ವಯಸ್ಸಾದವರಿಗೆ ಭಾರ ಎತ್ತಿಸಬಾರದೆಂದು ಹೇಳಿಕೊಡುತ್ತಿದ್ದರು. ಕೂತಲ್ಲೇ ಪಾದ ಆಡಿಸಿ, ಕೈ ಮೇಲೆತ್ತಿ, ಉಸಿರು ಎಳೆದುಕೊಳ್ಳಿ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು. ಬಾಸ್ಟನ್ನಿನ ಮರಿಯಾ ಫಿಯಾಟರೋನೆ 1990ರಲ್ಲಿ ಆ ಪಾಠವನ್ನು ಒಡೆದುಹಾಕಿದರು. ತೊಂಬತ್ತರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುಗಳಿಗೆ ನಿಜವಾದ ಭಾರ ಕೊಟ್ಟರು. ಅವರ ಬಲ ಸರಾಸರಿ 174 ಪ್ರತಿಶತ ಏರಿತು. ಆ ಲೇಖನದ ಜೆರಾಕ್ಸ್ ಪ್ರತಿ ನನ್ನ ಬಳಿ ಇನ್ನೂ ಇದೆ. ಮಡಿಕೆಗಳಲ್ಲಿ ಹರಿದು ಹೋಗಿದೆ.

ಆದರೆ ಬಲವೊಂದೇ ಸಾಲದು ಎಂದು ತೋರಿಸಿದ್ದು ನ್ಯೂಜಿಲೆಂಡಿನ ಒಟಾಗೊ ಪಂಥ. ನಾನು ಆ ಪಂಥದವಳು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಡನೀಡಿನ್ ನಗರದಲ್ಲಿ ಜಾನ್ ಕ್ಯಾಂಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಸಂಗಡಿಗರು 80 ದಾಟಿದ 233 ಹೆಂಗಸರನ್ನು ಆಯ್ದುಕೊಂಡರು. ಅವರಲ್ಲಿ ಅರ್ಧದಷ್ಟು ಜನರ ಮನೆಗೆ ಫಿಸಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿ, ಒಬ್ಬೊಬ್ಬರಿಗೂ ತಕ್ಕ ವ್ಯಾಯಾಮ ಆರಿಸಿ ಕಲಿಸಿದರು. ಕಣಕಾಲಿಗೆ ತೂಕದ ಪಟ್ಟಿ ಕಟ್ಟಿ ಮಂಡಿ ಚಾಚುವುದು, ತುದಿಗಾಲಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ಹಿಂದಕ್ಕೆ ನಡೆಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ. ಆಮೇಲೆ ಫೋನಿನಲ್ಲಿ ವಿಚಾರಣೆ. ಒಂದು ವರ್ಷದಲ್ಲಿ ವ್ಯಾಯಾಮ ಮಾಡದ ಗುಂಪಿನಲ್ಲಿ 152 ಸಲ ಬಿದ್ದರೆ ಮಾಡಿದ ಗುಂಪಿನಲ್ಲಿ 88 ಸಲ. 1997ರಲ್ಲಿ ಇದು ಪ್ರಕಟವಾಯಿತು. ಮುಂದೆ ಇದೇ ಕ್ರಮದ ನಾಲ್ಕು ಪ್ರಯೋಗಗಳ 1016 ಜನರನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವಿಕೆ ನೂರಕ್ಕೆ 35ರಷ್ಟು ಕಡಿಮೆಯಾಗಿತ್ತು. ಇದರಲ್ಲಿ ನನ್ನನ್ನು ಸೆಳೆದದ್ದು ಅಂಕಿಗಿಂತ ಮಿಗಿಲಾಗಿ ಅದರ ಸರಳತೆ. ಆಸ್ಪತ್ರೆಗೆ ಬನ್ನಿ ಅನ್ನಲಿಲ್ಲ, ಮನೆಗೆ ಹೋದರು. ಇಂದು ಕೈ ಹಿಡಿದು ಮಾಡಿದ್ದನ್ನು ಮುಂದಿನ ಭೇಟಿಯಲ್ಲಿ ಬೆರಳ ತುದಿ ತಾಗಿಸಿ, ಅದರ ಮುಂದಿನ ಸಲ ಕೈ ಬಿಟ್ಟು ಮಾಡಿಸಿದರು.

ಅಟ್ಲಾಂಟಾದಿಂದ 1996ರಲ್ಲಿ ಬಂದ ತಾಯ್ ಚಿ ಪ್ರಯೋಗ ಹೆಚ್ಚು ಪ್ರಚಾರ ಪಡೆಯಿತು. ಒಳ್ಳೆಯ ಕೆಲಸ, ಆದರೆ ಅದು ಹೇಳುವುದೂ ಇದನ್ನೇ: ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನ ದಾಟಬೇಕು. ಸಿಡ್ನಿಯವರು ಅಯ್ಯಂಗಾರ್ ಯೋಗದ ನಿಂತು ಮಾಡುವ ಆಸನಗಳನ್ನು ವೃದ್ಧರ ಮೇಲೆ ಪ್ರಯೋಗಿಸಿ 2013ರಲ್ಲಿ ಸಮತೋಲನ ಸುಧಾರಿಸಿದ್ದನ್ನು ತೋರಿಸಿದರು. ಆ ಪದ್ಧತಿ ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ನಮ್ಮಲ್ಲಿ ವೃದ್ಧರಿಗೆಂದು ನಡೆಯುವ ಯೋಗ ತರಗತಿಗಳೋ ಬಹುಪಾಲು ಕುರ್ಚಿಯ ಮೇಲೆ ಕೂತು ಮುಗಿಯುತ್ತವೆ.

ಇಷ್ಟೆಲ್ಲವನ್ನು ಒಟ್ಟಿಗೆ ತೂಗಿ ನೋಡಿದವರು ಸಿಡ್ನಿಯ ಕ್ಯಾಥರೀನ್ ಶೆರಿಂಗ್ಟನ್, ಅವರೂ ಫಿಸಿಯೋಥೆರಪಿಸ್ಟ್. 2008ರಲ್ಲಿ 44 ಪ್ರಯೋಗಗಳನ್ನು ಜೋಡಿಸಿ ಯಾವ ವ್ಯಾಯಾಮ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಬಿಡಿಸಿಟ್ಟರು. ಕಾಲು ಹತ್ತಿರ ಇಟ್ಟು, ಕೈಯಾಸರೆ ಕಡಿಮೆ ಮಾಡಿ, ನಿಂತು ಮಾಡುವ ವ್ಯಾಯಾಮ ಇರಬೇಕು. ಒಟ್ಟು 50 ಗಂಟೆಗಾದರೂ ಮುಟ್ಟಬೇಕು. ಬರೀ ನಡಿಗೆ ಸಾಲದು. ಈ ಕೊನೆಯ ಮಾತನ್ನು ನಮ್ಮ ವೈದ್ಯರು ದಯವಿಟ್ಟು ಗಮನಿಸಬೇಕು. ಹಿಂದೆ ಕೈಮೂಳೆ ಮುರಿದುಕೊಂಡಿದ್ದ ಹೆಂಗಸರಿಗೆ ಬಿರುಸಾಗಿ ನಡೆಯಿರಿ ಎಂದು ಹೇಳಿದ ಲಂಡನ್ನಿನ ಒಂದು ಪ್ರಯೋಗದಲ್ಲಿ ಅವರು ಇನ್ನೂ ಹೆಚ್ಚು ಬಿದ್ದದ್ದು 1997ರಲ್ಲೇ ಗೊತ್ತಾಗಿತ್ತು. ಆದರೂ ನಮ್ಮಲ್ಲಿ ಎಪ್ಪತ್ತೈದರ, ಎರಡು ಸಲ ಬಿದ್ದು ಬಂದವರ ಚೀಟಿಯಲ್ಲೂ ‘ದಿನಾ ವಾಕಿಂಗ್’ ಎಂದೇ ಇರುತ್ತದೆ. 2019ರ ಕಾಕ್ರೇನ್ ಸಮೀಕ್ಷೆ 108 ಪ್ರಯೋಗಗಳ 23,407 ಜನರನ್ನು ಒಳಗೊಂಡಿತ್ತು. ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ 23ರಷ್ಟು ಕಡಿಮೆ ಎಂಬುದು ಅದರ ತೀರ್ಮಾನ.

ಹಾಗಾದರೆ ಆ ಭಾಷಣಕಾರರ ‘ಪ್ರಯೋಜನವಿಲ್ಲ’ ಎಲ್ಲಿಂದ ಬಂತು? 2020ರಲ್ಲಿ ಎರಡು ಭಾರಿ ಅಧ್ಯಯನಗಳು ಹೊರಬಂದವು. ಅಮೆರಿಕದ ಸ್ಟ್ರೈಡ್‌ನಲ್ಲಿ 5,451 ಜನ, ಇಂಗ್ಲೆಂಡಿನ ಪ್ರಿಫಿಟ್‌ನಲ್ಲಿ 9,803 ಜನ. ಮೊದಲನೆಯದು ತೀವ್ರ ಗಾಯಗಳನ್ನು, ಎರಡನೆಯದು ಮೂಳೆ ಮುರಿತಗಳನ್ನು ಎಣಿಸಿತು. ಎರಡರಲ್ಲೂ ಗಮನಾರ್ಹ ಇಳಿಕೆ ಕಾಣಲಿಲ್ಲ. ಈ ಫಲಿತಾಂಶವನ್ನು ಮುಚ್ಚಿಡುವುದು ತಪ್ಪು. ಆದರೆ ಏನು ಕೊಟ್ಟರು ಎಂದೂ ನೋಡಬೇಕು. ಸ್ಟ್ರೈಡ್‌ನಲ್ಲಿ ನರ್ಸ್ ಕಾರಣಗಳನ್ನು ಗುರುತಿಸಿ ಬೇರೆ ಕಡೆ ವ್ಯಾಯಾಮಕ್ಕೆ ಕಳಿಸುತ್ತಿದ್ದರು. ಪ್ರಿಫಿಟ್‌ನಲ್ಲಿ ಅಂಚೆಯಲ್ಲಿ ಪ್ರಶ್ನೆಪತ್ರ ಹೋಯಿತು, ಅಪಾಯದಲ್ಲಿದ್ದವರನ್ನು ಮಾತ್ರ ವ್ಯಾಯಾಮಕ್ಕೆ ಕರೆದರು, ಲೆಕ್ಕ ಹಾಕುವಾಗ ಮಾತ್ರ ಗುಂಪಿನ ಎಲ್ಲರನ್ನೂ ಸೇರಿಸಿದರು. ವ್ಯಾಯಾಮ ಮಾಡಿದವರ ಕಾಲು ಗಟ್ಟಿಯಾಗುವುದಿಲ್ಲ ಎಂದು ಈ ಅಧ್ಯಯನಗಳು ಹೇಳಿಲ್ಲ. ಕಾಗದದಲ್ಲಿ ಕರೆದು, ಸಲಹೆ ಕೊಟ್ಟು ಬಿಟ್ಟರೆ ಇಡೀ ಊರಿನ ಮೂಳೆ ಮುರಿತ ತಗ್ಗದು ಎಂದು ಹೇಳಿವೆ. ನಾವು ಹೇಳುತ್ತಾ ಬಂದದ್ದೂ ಅದನ್ನೇ.

ವಾಚುಗಳ ವಿಷಯಕ್ಕೂ ಒಂದು ಮಾತು. ಕೇಂಬ್ರಿಜ್‌ನಲ್ಲಿ ತೊಂಬತ್ತು ದಾಟಿದವರ ಮೇಲೆ ನಡೆದ, 2008ರಲ್ಲಿ ಬಂದ ಅಧ್ಯಯನದಲ್ಲಿ, ಬಿದ್ದವರಲ್ಲಿ ಐವರಿಗೆ ನಾಲ್ವರಂತೆ ಕನಿಷ್ಠ ಒಂದು ಸಲವಾದರೂ ತಾವಾಗಿ ಏಳಲಾಗಿರಲಿಲ್ಲ. ಕರೆಗಂಟೆಯ ಸೌಕರ್ಯವಿದ್ದೂ ಒಬ್ಬರೇ ಬಿದ್ದು ಏಳಲಾಗದವರಲ್ಲಿ ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಹಾಗಾಗಿ ಲಂಡನ್ನಿನ ಡಾನ್ ಸ್ಕೆಲ್ಟನ್ 2005ರಲ್ಲಿ ಪ್ರಕಟಿಸಿದ ಕ್ರಮವನ್ನು ನಾನು ಒಟಾಗೊದಷ್ಟೇ ಎತ್ತರದಲ್ಲಿಡುತ್ತೇನೆ. ಪದೇ ಪದೇ ಬೀಳುತ್ತಿದ್ದ ಹೆಂಗಸರಿಗೆ 36 ವಾರ ಗುಂಪಿನಲ್ಲಿ ಕಲಿಸಿದ ಅದರಲ್ಲಿ ನೆಲಕ್ಕೆ ಇಳಿಯುವುದೂ ನೆಲದಿಂದ ಏಳುವುದೂ ಪಾಠದ ಭಾಗವಾಗಿತ್ತು.

ಹಾಸನ ಜಿಲ್ಲೆಯ ಒಂದು ಊರಿನ ಅಜ್ಜಿಯ ಮನೆಗೆ ನಾನು ಇದನ್ನೇ ಒಯ್ದೆ. ಎಪ್ಪತ್ತಾರು ವರ್ಷ. ಹಿತ್ತಲ ಬಾಗಿಲಲ್ಲಿ ಹೊಸ್ತಿಲು ಎಡವಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಅಂದಿನಿಂದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಗ ಪ್ರೀತಿಯಿಂದಲೇ ‘ಸುಮ್ನೆ ಕೂತ್ಕೊಳವ್ವ, ಎಲ್ಲಾ ಅವಳು ಮಾಡ್ತಾಳೆ’ ಎಂದು ಹೆಂಡತಿಯತ್ತ ಕೈ ತೋರಿಸುತ್ತಿದ್ದ. ‘ನೆಲಕ್ಕೆ ಕೂತ್ರೆ ಏಳಕ್ಕಾಗಲ್ಲ ಕಣಮ್ಮ, ಅದಕ್ಕೇ ಕೂರೋದೇ ಬಿಟ್ಬಿಟ್ಟೆ’ ಅಂದರು ಅಜ್ಜಿ. ಈಳಿಗೆಮಣೆ ಮಂಚದ ಕೆಳಗೆ ಸೇರಿತ್ತು. ಮೊದಲ ತಿಂಗಳು ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲು, ಹಿಮ್ಮಡಿ. ಮರಳು ತುಂಬಿ ಹೊಲಿದ ಬಟ್ಟೆ ಚೀಲ ಕಣಕಾಲಿಗೆ. ಆಮೇಲೆ ನೆಲದ ಪಾಠ. ಅದನ್ನು ಹಿಂದುಮುಂದಾಗಿ ಕಲಿಸಬೇಕು. ಏಳುವುದರ ಕೊನೆಯ ಮೆಟ್ಟಿಲು ಮೊದಲು: ಮಂಚಕ್ಕೆ ಎರಡೂ ಕೈ ಊರಿ, ಮಡಿಸಿದ ಕಂಬಳಿಯ ಮೇಲೆ ಒಂದು ಮಂಡಿ, ಇನ್ನೊಂದು ಪಾದ ನೆಲಕ್ಕೆ, ಅಲ್ಲಿಂದ ಮೇಲೆ. ಅದು ಕೂಡಿಬಂದ ಮೇಲೆ ಎರಡೂ ಮಂಡಿ. ಆಮೇಲೆ ಅಂಬೆಗಾಲು, ಆಮೇಲೆ ಪಕ್ಕಕ್ಕೆ ಒರಗಿ ಕೂರುವುದು, ಕಡೆಗೆ ಮಲಗುವುದು. ಐದನೇ ತಿಂಗಳು ನಾನು ಹೋದಾಗ ಅವರು ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಈಳಿಗೆ ಮಡಿಸಿಟ್ಟು, ಮಂಚ ಹಿಡಿದು, ಎದ್ದು ಬಂದರು.

ಈ ಏಳುವಿಕೆಗೆ ನಮ್ಮ ಅಳತೆಗೋಲುಗಳಲ್ಲಿ ಜಾಗ ಬಹಳ ಕಡಿಮೆ. ಮೂರು ಮೀಟರ್ ಪರೀಕ್ಷೆ ಕುರ್ಚಿಯಿಂದ ತೊಡಗುತ್ತದೆ. ಬರ್ಗ್ ಅವರ ಹದಿನಾಲ್ಕು ಕೆಲಸಗಳಲ್ಲೂ ನೆಲಕ್ಕೆ ಕೂತು ಏಳುವುದಿಲ್ಲ. ಬ್ರೆಜಿಲಿನ ಕ್ಲಾಡಿಯೋ ಅರೌಜೊ ನೆಲದಿಂದ ಏಳುವುದಕ್ಕೆ ಅಂಕ ಕೊಟ್ಟು ಅದಕ್ಕೂ ಆಯುಷ್ಯಕ್ಕೂ ಇರುವ ನಂಟನ್ನು ತೋರಿಸಿದರು. ನೆಲದ ಮೇಲೆ ಉಂಡು, ಕುಕ್ಕರುಗಾಲಲ್ಲಿ ಸ್ನಾನ ಮಾಡಿ, ಹೊಸ್ತಿಲು ದಾಟಿ ಬಾಳಿದ ನಮ್ಮವರಿಗೆ ಅದು ಇನ್ನೂ ಹತ್ತಿರದ ಪರೀಕ್ಷೆ.

ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಶಿಕ್ಷಣ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1953ರಲ್ಲಿ ತೊಡಗಿತು. ಪೋಲಿಯೋ, ಆಮೇಲೆ ಮೂಳೆ, ಆಮೇಲೆ ಪಾರ್ಶ್ವವಾಯು ಎಂದು ಬೆಳೆದ ವೃತ್ತಿಗೆ ಜನ ಇಟ್ಟ ಹೆಸರು ‘ಕರೆಂಟ್ ಕೊಡುವವರು’. ಮಂಡಿಗೆ ಕರೆಂಟ್ ಇಡಿಸಿಕೊಂಡು ಹೋಗುವ ವೃದ್ಧರನ್ನು ನಿಲ್ಲಿಸಿ ಸಮತೋಲನ ನೋಡುವ ಪದ್ಧತಿ ಬಹುತೇಕ ಕಡೆ ಬೆಳೆಯಲೇ ಇಲ್ಲ. ಈ ತಪ್ಪಿನಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. 2010–11ರಲ್ಲಿ ಬಂದ ವೃದ್ಧರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಗೆ ಜಾಗ ಮಾಡಿಕೊಟ್ಟದ್ದು ದೊಡ್ಡ ಸಂಗತಿ. ಆದರೆ ಹೊಸ್ತಿಲು ಎಡವಿದ ಅಜ್ಜಿ ಜಿಲ್ಲಾ ಆಸ್ಪತ್ರೆಗೆ ಬರುವುದು ಸೊಂಟ ಮುರಿದ ಮೇಲೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಪ್ರಯೋಗಗಳ ಬಹುಪಾಲು ನಡೆದಿರುವುದು ಶ್ರೀಮಂತ ದೇಶಗಳಲ್ಲಿ.

ಅಜ್ಜಿಯದು ಒಬ್ಬರ ಕತೆ. ಅದನ್ನು ಪುರಾವೆ ಎಂದು ನಾನು ಮುಂದಿಡಲಾರೆ. ಪುರಾವೆ ಬೇಕಾದರೆ ಕೆಲವು ತಾಲ್ಲೂಕುಗಳಲ್ಲಿ ಒಂದೆರಡು ವರ್ಷ ಲೆಕ್ಕ ಇಡಬೇಕು. ಅದಕ್ಕೆ ಬೇಕಾದ್ದು ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್, ಅವರ ಓಡಾಟದ ಖರ್ಚು, ಒಂದು ಸ್ಟಾಪ್‌ವಾಚ್. ಜೊತೆಗೆ ಮನೆಯ ಗೋಡೆಗೆ ಒಂದು ಕ್ಯಾಲೆಂಡರ್, ಬಿದ್ದ ದಿನಕ್ಕೆ ಗುರುತು ಹಾಕಲು. ಡನೀಡಿನ್‌ನವರು ಅಂಚೆ ಕಾರ್ಡುಗಳಲ್ಲಿ ತರಿಸಿಕೊಳ್ಳುತ್ತಿದ್ದ ಆ ಲೆಕ್ಕವನ್ನು ನಮ್ಮಲ್ಲಿ ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ ಬಂದು ಬರೆದುಕೊಂಡು ಹೋಗಬಹುದು.