ನಾಲ್ಕನೆಯ ದರ್ಜೆಯ ಮನೆ: ನವಜಾತ ಶಿಶುವಿನ ಮೆದುಳಿನ ರಕ್ತಸ್ರಾವ ಮತ್ತು ಕೇಸ್ ಶೀಟಿನ ಬರಹ

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬೆಳಗಿನ ರೌಂಡ್ಸ್‌ನಲ್ಲಿ ಕೇಸ್ ಶೀಟಿಗೆ ಇಳಿಯುವ ಒಂದು ಸಾಲನ್ನು ಊಹಿಸಿಕೊಳ್ಳೋಣ: ‘28 ವಾರ, 1,050 ಗ್ರಾಂ, 3ನೇ ದಿನ. ಎನ್‌ಎಸ್‌ಜಿ: ಐವಿಎಚ್ +’. ನೆತ್ತಿಯ ಮೆತ್ತನೆಯ ಜಾಗದ ಮೇಲೆ ಸ್ಕ್ಯಾನಿನ ಪ್ರೋಬ್ ಇಟ್ಟು ನೋಡಿದಾಗ ಮೆದುಳಿನ ಕುಹರದಲ್ಲಿ ರಕ್ತ ಕಂಡಿದೆ ಎಂದು ಇದರರ್ಥ. ವಾರ್ಡಿನವರಿಗೆ ಇಷ್ಟು ಸಾಕು. ಉಳಿದದ್ದು ಅವರ ತಲೆಯಲ್ಲಿದೆ. ಕಾಯಿಲೆಗೆ ಸಂಕೇತ ಹಚ್ಚಲು ಕಡತ ಬಿಚ್ಚಿ ಕೂತ ಕೋಡರ್‌ಗೆ ಮಾತ್ರ ಇದರಿಂದ ಸಿಗುವುದು ಪಿ52.3, ಅಂದರೆ ದರ್ಜೆ ನಮೂದಾಗದ ಕುಹರದೊಳಗಿನ ರಕ್ತಸ್ರಾವ. ಮಗುವಿನ ಮೆದುಳಿನ ಬಗ್ಗೆ ವೈದ್ಯರಿಗೆ ಗೊತ್ತಿದ್ದ ಅತಿ ಮುಖ್ಯ ಸಂಗತಿ ಅಂಕಿಅಂಶದ ಪಾಲಿಗೆ ಅಲ್ಲಿಗೇ ಕಳೆದುಹೋಯಿತು.

ದರ್ಜೆಯ ಲೆಕ್ಕ ಬಂದದ್ದು 1978ರಲ್ಲಿ. ನ್ಯೂ ಮೆಕ್ಸಿಕೋದಲ್ಲಿ ಲೂ-ಆ್ಯನ್ ಪಪೀಲ್ ಮತ್ತು ಸಹೋದ್ಯೋಗಿಗಳು 1,500 ಗ್ರಾಂಗಿಂತ ಕಡಿಮೆ ತೂಕದ 46 ಶಿಶುಗಳಿಗೆ ಸಿಟಿ ಸ್ಕ್ಯಾನ್ ಮಾಡಿದರು. 20 ಶಿಶುಗಳಲ್ಲಿ ರಕ್ತಸ್ರಾವ ಕಂಡಿತು. ರಕ್ತಸ್ರಾವವಾಗಿಯೂ ಬದುಕುಳಿದ ಶಿಶುಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಯಾವ ಲಕ್ಷಣವೂ ಇರಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಲಕ್ಷಣಕ್ಕೆ ಕಾಯದೆ ಸ್ಕ್ಯಾನ್ ಮಾಡುವ ಇಂದಿನ ರೂಢಿಗೆ ಇಂಥ ಅನುಭವವೇ ಆಧಾರ. ಪಪೀಲ್ ಕ್ರಮದಲ್ಲಿ ಕುಹರದ ಅಂಚಿನ ಜರ್ಮಿನಲ್ ಮ್ಯಾಟ್ರಿಕ್ಸ್‌ನೊಳಗೇ ಉಳಿದ ರಕ್ತ ಒಂದನೆಯ ದರ್ಜೆ. ಕುಹರಕ್ಕೆ ನುಗ್ಗಿದರೆ ಎರಡು. ಕುಹರ ಹಿಗ್ಗಿದರೆ ಮೂರು. ಪಕ್ಕದ ಮೆದುಳಿನ ತಿರುಳಲ್ಲೂ ಕಂಡರೆ ನಾಲ್ಕು. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-10 ಇದನ್ನು ಪಿ52.0, 52.1, 52.2 ಎಂಬ ಮೂರೇ ಮನೆಗಳಿಗೆ ಹಂಚಿತು. ಕುಹರವನ್ನೇ ಮುಟ್ಟದ ಮೊದಲ ದರ್ಜೆಯನ್ನೂ ‘ಕುಹರದೊಳಗಿನ ರಕ್ತಸ್ರಾವ’ ಎಂದೇ ಕರೆದಿರುವುದು ಒಂದು ತಮಾಷೆ.

ತಮಾಷೆಯಲ್ಲದ ಸಂಗತಿ ನಾಲ್ಕನೆಯದರದು. ವಿಶ್ವ ಆರೋಗ್ಯ ಸಂಸ್ಥೆಯ ಆವೃತ್ತಿಯಲ್ಲಿ ಅದಕ್ಕೆ ಸ್ವಂತ ಮನೆಯಿಲ್ಲ; ಮೂರನೆಯದರ ಜೊತೆ ಪಿ52.2ರಲ್ಲೇ ಬಿಡಾರ. ಅಮೆರಿಕ 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ಪರಿಷ್ಕೃತ ಆವೃತ್ತಿಯಲ್ಲಿ ಮಾತ್ರ ಅದೇ ಮನೆಗೆ ಗೋಡೆ ಹಾಕಿ ಪಿ52.21, ಪಿ52.22 ಎಂದು ಎರಡು ಮಾಡಿದ್ದಾರೆ. ಆದರೆ ಗೋಡೆ ಎದ್ದ ಮಾತ್ರಕ್ಕೆ ತಿಳಿವಳಿಕೆ ಬದಲಾಗಲಿಲ್ಲ. ಸಂಕೇತದ ವಿವರಣೆ ಇಂದಿಗೂ ರಕ್ತ ಕುಹರದಿಂದ ತಿರುಳಿಗೆ ‘ಹರಡಿತು’ ಎಂಬ ಧಾಟಿಯಲ್ಲೇ ಇದೆ. ಶಿಶುಗಳ ನರತಜ್ಞ ಜೋಸೆಫ್ ವೋಲ್ಪೆ ಮೊದಲಾದವರು ತೋರಿಸಿಕೊಟ್ಟದ್ದು ಬೇರೆ: ಕುಹರದ ಬದಿಯ ರಕ್ತದ ಗಡ್ಡೆ ಅಲ್ಲಿನ ಅಭಿಧಮನಿಯ ದಾರಿ ಕಟ್ಟುತ್ತದೆ, ಹೊರಹೋಗಲಾರದ ರಕ್ತ ಹಿಂದೆ ನಿಂತು ಆ ಭಾಗದ ಅಂಗಾಂಶ ಸಾಯುತ್ತದೆ, ಸತ್ತ ಅಂಗಾಂಶದಲ್ಲಿ ರಕ್ತ ಒಸರುತ್ತದೆ. ಇದು ಕೆರೆ ತುಂಬಿ ಕೋಡಿ ಹರಿದದ್ದಲ್ಲ. ತೂಬು ಕಟ್ಟಿ ಹಿಂದಿನ ಗದ್ದೆ ಕೊಳೆತದ್ದು. ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಆಗುವ ಈ ಗಾಯ ಮುಂದೆ ಎದುರು ಬದಿಯ ಕೈಕಾಲಿನ ಬಿಗಿತವಾಗಿ ಕಾಣಿಸಿಕೊಳ್ಳಬಹುದು. ಮೂರು ಮತ್ತು ನಾಲ್ಕನ್ನು ‘ತೀವ್ರ’ ಎಂದು ಒಟ್ಟಿಗೆ ಕಟ್ಟಿದಾಗ ಎರಡು ಬೇರೆ ರೋಗಪ್ರಕ್ರಿಯೆಗಳು ಒಂದೇ ಅಂಕಿಯಾಗುತ್ತವೆ.

ದರ್ಜೆ ಬರೆದರೂ ಯಾವ ಅಳತೆಗೋಲು ಎಂದು ಬರೆಯುವವರು ವಿರಳ. ಇನ್ನೊಂದು ಅಳತೆಗೋಲಾದ ವೋಲ್ಪೆ ಕ್ರಮದಲ್ಲಿ ಕುಹರದ ಎಷ್ಟು ಭಾಗ ರಕ್ತ ತುಂಬಿದೆ ಎಂಬುದೇ ಮುಖ್ಯ: ಶೇ. 10ರಿಂದ 50ರವರೆಗೆ ಎರಡು, ಅದಕ್ಕಿಂತ ಹೆಚ್ಚಾದರೆ ಮೂರು. ಕುಹರ ಮೂರನೇ ಒಂದು ಭಾಗ ತುಂಬಿ ತುಸು ಹಿಗ್ಗಿದೆ ಎನ್ನಿ. ಪಪೀಲ್ ಹಿಡಿದವರಿಗೆ ಅದು ಮೂರು, ವೋಲ್ಪೆ ಹಿಡಿದವರಿಗೆ ಎರಡು. ಮಗು ಒಂದೇ, ಸ್ಕ್ಯಾನ್ ಒಂದೇ, ಸಂಕೇತ ಎರಡು. ಆಸ್ಪತ್ರೆಗಳ ನಡುವಿನ ಹೋಲಿಕೆಯನ್ನು ನಾನು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ಇನ್ನೊಂದು ಕವಲು ಹೆರಿಗೆಯ ಗಾಯದ್ದು. ಹೆರಿಗೆಯಲ್ಲಿ ಪೆಟ್ಟಾಗಿ ತಲೆಬುರುಡೆಯೊಳಗೆ ರಕ್ತಸ್ರಾವವಾದರೆ ಅದು ಪಿ10; ಆಮ್ಲಜನಕದ ಕೊರತೆಯಿಂದಾದರೆ ಪಿ52. ಬುರುಡೆಯ ಹೊರಗೆ, ಮೂಳೆಯ ಪೊರೆಯಡಿ ಕಟ್ಟಿಕೊಳ್ಳುವ ಊತ ಪಿ12.0, ಮೆದುಳಿಗೆ ಸಂಬಂಧವೇ ಇಲ್ಲ. ‘ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ’ ಎಂಬ ನಮ್ಮ ಮನೆಮಾತು ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ. ಅವಸರದಲ್ಲಿ ಬರೆದ ಡಿಸ್ಚಾರ್ಜ್ ಸಮರಿಯೂ ಹಾಗೆಯೇ. ಪಿ10 ಬರೆದರೆ ಹೆರಿಗೆ ಮಾಡಿಸಿದವರತ್ತ ಬೆರಳು ತೋರಿಸಿದಂತಾಗುತ್ತದೆ ಎಂಬ ಅಳುಕೂ ಇಲ್ಲಿ ಕೆಲಸ ಮಾಡದೆ ಇರದು.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಡತ ಓದುವ ಕೋಡರ್‌ಗಳಿಗೆ ಈ ಇಕ್ಕಟ್ಟು ದಿನನಿತ್ಯದ್ದು. ಅಲ್ಲಿನ ಒಳರೋಗಿ ನಿಯಮದಂತೆ, ಪರೀಕ್ಷೆಯಲ್ಲಿ ಕಂಡ ಅಸಹಜತೆಗೆ ಮಹತ್ವವಿದೆ ಎಂದು ವೈದ್ಯರು ದಾಖಲಿಸದ ಹೊರತು ಅದನ್ನು ಕೋಡ್ ಮಾಡುವಂತಿಲ್ಲ. ಸ್ಕ್ಯಾನ್ ವರದಿ ಕಣ್ಣೆದುರೇ ಇದ್ದರೂ ವೈದ್ಯರಿಗೆ ಕ್ವೆರಿ ಕಳಿಸಬೇಕು. ಅದೂ ಉತ್ತರವನ್ನು ಬಾಯಿಗೆ ತುರುಕದಂತೆ. ನಮ್ಮಲ್ಲಿ ನಷ್ಟ ಬೇರೆ ಕಡೆ ಆಗುತ್ತದೆ. ಮರಣಕಾರಣದ ವೈದ್ಯಕೀಯ ಪ್ರಮಾಣಪತ್ರವಾದ ನಮೂನೆ 4ರಲ್ಲಿ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದಷ್ಟೇ ಬರೆದರೆ ರಕ್ತಸ್ರಾವ ಯಾವ ದರ್ಜೆಯದಾದರೂ ಲೆಕ್ಕಕ್ಕೇ ಸಿಗದು.

ಮೊದಲಿನ ಸಾಲನ್ನು ಹೀಗೆ ಬರೆಯಲು ಅರ್ಧ ನಿಮಿಷ ಹೆಚ್ಚು ಹಿಡಿದೀತು: ‘3ನೇ ದಿನದ ನ್ಯೂರೋಸೋನೋಗ್ರಾಂ: ಬಲಕ್ಕೆ ಪಪೀಲ್ ದರ್ಜೆ 4, ಎಡಕ್ಕೆ ದರ್ಜೆ 2, ಹೆರಿಗೆಯಲ್ಲಿ ಪೆಟ್ಟಿಲ್ಲ’. ಈಗ ಅಮೆರಿಕದ ಕೋಡರ್‌ಗೆ ಪಿ52.22 ಸಿಕ್ಕಿತು, ಉಳಿದವರಿಗೆ ಪಿ52.2. ‘ಬಲಕ್ಕೆ’ ಎಂಬುದಕ್ಕೆ ಎರಡು ಆವೃತ್ತಿಗಳಲ್ಲೂ ಜಾಗವಿಲ್ಲ. ಮಗು ಎಡಗೈಯನ್ನು ಮುಷ್ಟಿ ಬಿಗಿದೇ ಇಟ್ಟುಕೊಂಡಿದೆ ಎಂದು ತಾಯಿ ಐದಾರು ತಿಂಗಳ ನಂತರ ಬಂದು ಹೇಳಿದಾಗ ಫಿಸಿಯೋಥೆರಪಿಸ್ಟ್ ತಿರುವಿ ಹುಡುಕುವುದು ಆ ಒಂದು ಪದವನ್ನೇ. ಅದು ಸಿಕ್ಕರೆ ಕೇಸ್ ಶೀಟಿನಲ್ಲಿ ಸಿಗಬೇಕು.